ಟವೆಲ್ ಕಟ್ಟುವ ಜಾಗ

ಆ ಗಿರಣಿಯ ಒಂದು ಗೋಡೆ ಈಗಲೂ ನನ್ನ ಕಣ್ಣಿಗೆ ಕಟ್ಟುತ್ತದೆ. ಸವಣೂರಿನಿಂದ ಯಲವಿಗಿ ಸ್ಟೇಷನ್ನಿನ ಕಡೆ ಹೋಗುವ ರಸ್ತೆಯ ಬದಿಗಿರುವ ಹತ್ತಿ ಜಿನ್ನಿಂಗ್ ಗಿರಣಿ ಅದು. ಹತ್ತಿಯಿಂದ ಕಾಳು ಬೇರ್ಪಡಿಸಿ ಅರಳೆಯನ್ನು ಬೇಲು ಕಟ್ಟುತ್ತಾರೆ. ಆ ಗೋಡೆಯ ಮೇಲೆ ಎಡದಿಂದ ಬಲಕ್ಕೆ ಮೂರು ಕಾಲದ ಫಲಕಗಳಿದ್ದವು. ಮೊದಲನೆಯದು ಕರಿಕಲ್ಲಿನ ಹಲಗೆ. ಅದರ ಮೇಲೆ ತಾಮ್ರದ ಅಲಗಿನ ಸ್ವಿಚ್ಚುಗಳು, ಎಳೆದು ಹಾಕಿದರೆ ಕಿಡಿ ಹಾರುತ್ತಿದ್ದವಂತೆ. ಎರಡನೆಯದು ತಗಡಿನ ಪೆಟ್ಟಿಗೆ. ಹಸಿರು ಬಟನ್, ಕೆಂಪು ಬಟನ್, ಮುಳ್ಳು ಆಡುವ ಮೀಟರು, ಬದಿಯಲ್ಲಿ ಗೇಣುದ್ದದ ಕಬ್ಬಿಣದ ಹಿಡಿಕೆ. ಮೂರನೆಯದು ಬೇಲ್ ಪ್ರೆಸ್ಸಿಗೆಂದು ಆಮೇಲೆ ಹಾಕಿದ್ದು, ಎರಡು ಸಾಲು ಅಕ್ಷರ ತೋರಿಸುವ ಅಂಗೈಯಗಲದ ಡಬ್ಬಿ. ಹೊಸದು ಬಂದಾಗ ಹಳೆಯದನ್ನು ಯಾರೂ ಕಿತ್ತಿರಲಿಲ್ಲ. ಬೆರಳು ಮುಟ್ಟಿಸಿದರೆ ಕೆಲಸ ಮಾಡುವ ಬಣ್ಣದ ಪರದೆಯನ್ನು ನಾಲ್ಕನೆಯದಾಗಿ ಕೂರಿಸಿದವನು ನಾನು.

ಶಿಗ್ಗಾವಿಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಗಿರಣಿಗಳಿಗೆ, ಪಂಪ್‌ಹೌಸುಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡಿಕೊಡುತ್ತೇನೆ. ಪರದೆಯ ಮೇಲೆ ಯಂತ್ರದ ಚಿತ್ರ ಬಿಡಿಸುವುದರಲ್ಲಿ ನನಗೆ ಹೆಮ್ಮೆಯಿತ್ತು, ಹೆಮ್ಮೆಗೆ ತಕ್ಕಷ್ಟು ಬಾಯಿಯೂ ಇತ್ತು. ಈ ಗಿರಣಿಗೆ ಇಡೀ ಸಾಲನ್ನು ಒಂದೇ ಪರದೆಯಲ್ಲಿ ಬಿಡಿಸಿದ್ದೆ. ಜಿನ್ನುಗಳು, ಪ್ರೆಸ್ಸು, ಜಿನ್ನುಗಳ ಕೆಳಗಿನ ತಗ್ಗಿನಲ್ಲಿ ತಿರುಗುವ ಸ್ಕ್ರೂ. ಸ್ಕ್ರೂ ಅಂದರೆ ಉದ್ದದ ಕಬ್ಬಿಣದ ಸುರುಳಿ, ದೋಣಿಯಾಕಾರದ ತೊಟ್ಟಿಯಲ್ಲಿ ತಿರುಗುತ್ತ ಹತ್ತಿಕಾಳನ್ನು ಹೊರಗೆ ತಳ್ಳುತ್ತದೆ. ಕಾಳು ಹಸಿಯಿದ್ದರೆ ಗಂಟು ಕಟ್ಟಿ ನಿಲ್ಲುತ್ತದೆ. ಆಗ ಅದನ್ನು ಬಂದ್ ಮಾಡಿ, ಒಬ್ಬರು ತಗ್ಗಿಗೆ ಇಳಿದು, ಕೈಯಿಂದ ಬಿಡಿಸಬೇಕು. ಸೀಜನ್ನಿನಲ್ಲಿ ದಿನಕ್ಕೆ ಹತ್ತು ಸಲವಾದರೂ ಇದು ಇದ್ದದ್ದೇ.

ಹಳೆಯ ತಗಡಿನ ಪೆಟ್ಟಿಗೆಯ ಆ ಹಿಡಿಕೆ ಇದ್ದದ್ದು ಸ್ಕ್ರೂನ ಕರೆಂಟು ಕಡಿಯಲಿಕ್ಕೆ. ತಗ್ಗಿಗೆ ಇಳಿಯುವವನು ಹಿಡಿಕೆ ಕೆಳಗೆ ಎಳೆದು, ಹೆಗಲ ಮೇಲಿನ ಟವೆಲ್ ತೆಗೆದು ಅದಕ್ಕೆ ಗಂಟು ಹಾಕುತ್ತಿದ್ದ. ಮೇಲೆ ಬಂದ ಮೇಲೆ ತಾನೇ ಬಿಚ್ಚುತ್ತಿದ್ದ. ಒಬ್ಬರ ಟವೆಲ್ಲನ್ನು ಇನ್ನೊಬ್ಬರು ಬಿಚ್ಚುವಂತಿಲ್ಲ, ಸಾವ್ಕಾರರೂ ಬಿಚ್ಚುವಂತಿಲ್ಲ. ಬರೆದಿಟ್ಟ ನಿಯಮವಲ್ಲ. ಅಲ್ಲಿಯ ದೊಡ್ಡ ಮಿಸ್ತ್ರಿ ಹಾಕಿಕೊಟ್ಟ ಪದ್ಧತಿ. ಹೆಣ್ಣುಮಕ್ಕಳು ಮಾತ್ರ ಪೆಟ್ಟಿಗೆ ಮುಟ್ಟುವಂತಿರಲಿಲ್ಲ. ಅವರು ತಗ್ಗಿಗೆ ಇಳಿದರೆ ಯಾರಾದರೊಬ್ಬ ಗಂಡಸು ಅವರ ಪರವಾಗಿ ತನ್ನ ಟವೆಲ್ ಕಟ್ಟುತ್ತಿದ್ದ.

ಮಿಸ್ತ್ರಿ ಸವಣೂರಿನವರು. ಎಲ್ಲರೂ ಚಾಚಾ ಎನ್ನುತ್ತಿದ್ದರು, ನಾನೂ ಎಂದೆ. ಹೊಸ ಪ್ಯಾನೆಲ್ಲಿಗೆ ತಂತಿ ಎಳೆದ ದಿನ ಹಳೆಯ ಪೆಟ್ಟಿಗೆಯನ್ನು ಖಾಲಿ ಮಾಡಿದೆ. ಹಿಡಿಕೆಯನ್ನು ಬಿಚ್ಚಿ ನನ್ನ ಚೀಲಕ್ಕೆ ಹಾಕಿಕೊಂಡೆ, ಗಟ್ಟಿ ಮಾಲು, ಎಲ್ಲಿಗಾದರೂ ಬಂದೀತೆಂದು. ಪೆಟ್ಟಿಗೆಯ ಬದಿಯಲ್ಲಿ ದುಂಡನೆಯ ತೂತೊಂದು ಉಳಿಯಿತು. ಚಾಚಾ ಹೊಸ ಪ್ಯಾನೆಲ್ಲಿನ ಬಾಗಿಲನ್ನು ಮೇಲಿನಿಂದ ಕೆಳಗೆ ಅಂಗೈಯಿಂದ ಸವರಿದರು. ಎಲ್ಲೂ ಕೈಗೆ ಏನೂ ತಡೆಯಲಿಲ್ಲ.

“ಎಲ್ಲಾ ಚಲೋ ಮಾಡೀದಿ ಬೇಟಾ. ಆದ್ರ ಟವೆಲ್ ಎಲ್ಲಿ ಕಟ್ಟೂದು?”

ನಾನು ನಕ್ಕೆ. “ಇನ್ನ ಟವೆಲ್ ಬ್ಯಾಡ್ರಿ ಚಾಚಾ. ಪರದೆ ಮ್ಯಾಲ ಬಂದ್ ಒತ್ತಿದ್ರ ಮುಗೀತು.”

“ಬಂದ್ ಒತ್ತಿದ್ದು ನಾ. ಚಾಲೂ ಒತ್ತಾಂವ ಯಾರು?”

“ಯಾರೂ ಒತ್ತೂದಿಲ್ರಿ. ಒತ್ತಿದ್ರ ಯಾವಾಗ ಒತ್ತಿದ್ರು ಅನ್ನೂದು ಸುದ್ದಾ ಇದರಾಗ ಬರಕೋತೈತಿ.”

ಅವರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಜಿನ್ನುಗಳ ಕಡೆ ಹೋದರು. ಅದು ಒಪ್ಪಿಗೆ ಎಂದುಕೊಂಡೆ. ಸೀಜನ್ ಶುರುವಾಗುವ ಮೊದಲೇ ಎದೆನೋವು ಬಂದು ಚಾಚಾ ತೀರಿಹೋದರು. ಮಣ್ಣಿಗೆ ಹೋಗಿದ್ದೆ. ಹಿಂದಿರುಗುವಾಗ ಆ ಪ್ರಶ್ನೆ ನೆನಪಿರಲಿಲ್ಲ.

ಅವರ ಜಾಗಕ್ಕೆ ಬಂದ ಆಪರೇಟರು ದುಂಡಸಿಯವನು. ಕಲಿಯುವ ಹುಮ್ಮಸ್ಸಿನ ಮನುಷ್ಯ, ಆದರೆ ಒಂದು ತಕರಾರು ತೆಗೆದ. ನಾನು ಮೊದಲು ಚಾಲೂ ಒತ್ತಿದೊಡನೆ “ಖಚಿತವೇ? ಹೌದು, ಇಲ್ಲ” ಎಂದು ಕೇಳುವಂತೆ ಮಾಡಿದ್ದೆ. “ದಿನಕ್ಕ ಹತ್ತು ಸಲ ಸ್ಕ್ರೂ ನಿಂದ್ರತೈತ್ರಿ ಸರ. ಹತ್ತು ಸಲ ಇದಕ್ಕ ಉತ್ತರ ಕೊಡ್ಲೇನು? ನನ್ನ ಹೇಣ್ತಿನೂ ಇಷ್ಟು ಕೇಳೂದಿಲ್ಲ” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕು ಆ ಪ್ರಶ್ನೆಯನ್ನು ತೆಗೆದುಹಾಕಿದೆ. ಚಾಲೂ ಬಟನ್ ಪರದೆಯ ಕೆಳಗೆ ಬಲಮೂಲೆಯಲ್ಲಿ ಉಳಿಯಿತು, ಹೆಬ್ಬೆರಳಿಗೆ ಎಟುಕುವ ಹಾಗೆ ದೊಡ್ಡದಾಗಿ. ಪ್ಯಾನೆಲ್ಲಿನ ಬದಿಯಲ್ಲಿ ಒಂದೇ ಒಂದು ನಿಜವಾದ ಬಟನ್ ಇಟ್ಟಿದ್ದೆ. ಅಣಬೆಯಂಥ ಕೆಂಪು ತಲೆಯ ಎಮರ್ಜೆನ್ಸಿ. ಅದನ್ನು ಗುದ್ದಿದರೆ ಇಡೀ ಗಿರಣಿ ನಿಲ್ಲುತ್ತದೆ, ಮತ್ತೆ ಎಬ್ಬಿಸಲು ಅರ್ಧ ತಾಸು ಬೇಕು. ಹಾಗಾಗಿ ಸ್ಕ್ರೂಗೋಸ್ಕರ ಯಾರೂ ಅದರ ತಂಟೆಗೆ ಹೋಗುತ್ತಿರಲಿಲ್ಲ.

ಸೀಜನ್ ಶುರುವಾಗಿ ಮೂರನೇ ವಾರ ಫೋನ್ ಬಂತು. ಬಂದ್ ಮಾಡಿದ ಸ್ಕ್ರೂ ಎರಡು ಸಲ ತಾನಾಗಿ ತಿರುಗಿತಂತೆ. ಎರಡು ಸಲವೂ ತಗ್ಗಿನಲ್ಲಿದ್ದವರು ಆಗಷ್ಟೇ ಮೇಲೆ ಬಂದಿದ್ದರು.

ಹೋದೆ. ಪರದೆಯ ಸುತ್ತಿನ ಚೌಕಟ್ಟಿನಲ್ಲಿ ಅರಳೆಯ ದೂಳು ತುಂಬಿತ್ತು. ಬಿಚ್ಚಿ ಒರೆಸಿದೆ. ಬೆರಳು ಎಲ್ಲಿ ಬಿತ್ತೆಂದು ಗುರುತಿಸುವುದನ್ನು ಪರದೆಗೆ ಮತ್ತೆ ಕಲಿಸಿದೆ. ಅರ್ಥಿಂಗ್ ನೋಡಿದೆ, ಸರಿಯಿತ್ತು. ಎರಡು ತಾಸು ಎದುರಿಗೇ ಕೂತೆ. ಏನೂ ಆಗಲಿಲ್ಲ.

ಮರುದಿನವೇ ಮತ್ತೆ ಫೋನ್. “ನೀವು ಗೇಟ್ ದಾಟಿದ್ದ ತಡ, ಮತ್ತ ಸುರು ಆತ್ರಿ ಸರ” ಎಂದ ಆಪರೇಟರು. ಮತ್ತೆ ಹೋದೆ, ಮತ್ತೆ ಏನೂ ಇಲ್ಲ. ಊಟದ ಹೊತ್ತಿನಲ್ಲಿ ಬೇಲು ಹೊರುವವನೊಬ್ಬ ಎಲ್ಲರಿಗೂ ಕೇಳುವಂತೆ ಹೇಳಿದ. “ನಿಮ್ಮ ಮುಂದ ಆಗೂದಿಲ್ರಿ. ಚಾಚಾ ಬಂದು ಒತ್ತತಾನ. ತನ್ನ ಪೆಟಗಿ ಹಿಡಿಕಿ ಕಿತ್ತಾಂವನ ಮಾರಿ ನೋಡಾಕ ಅವಗ ಮನಸಿಲ್ಲ.”

ದೆವ್ವ ಭೂತ ನಾನು ನಂಬುವವನಲ್ಲ. ಆದರೂ ಆ ಮಾತು ಕೇಳಿದ ಮೇಲೆ ಹಳೆಯ ಪೆಟ್ಟಿಗೆಯ ಕಡೆ ಬೆನ್ನು ಮಾಡಿ ಕೆಲಸ ಮಾಡಲು ಆಗಲಿಲ್ಲ. ಆ ದುಂಡನೆಯ ತೂತು ನನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು. ಬೇರೆ ಪರದೆ ತರಿಸುತ್ತೇನೆಂದು ಸಾವ್ಕಾರರಿಗೆ ಹೇಳಿ ಬಂದೆ. ಅಲ್ಲಿಯ ತನಕ ಸ್ಕ್ರೂ ಓಡಿಸಬೇಡಿ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಸೀಜನ್ ಜೋರಿತ್ತು, ನನಗೆ ಬಾಯಿ ಬರಲಿಲ್ಲ.

ಹೊಸ ಪರದೆ ಬರುವ ಮೊದಲೇ ಅದು ಆಯಿತು. ಮಧ್ಯಾಹ್ನದ ಹೊತ್ತು. ಸ್ಕ್ರೂ ಸಿಕ್ಕಿಕೊಂಡಿತ್ತು, ಆಪರೇಟರು ಬಂದ್ ಒತ್ತಿ ತಾನೇ ತಗ್ಗಿಗೆ ಇಳಿದ. ಕಸ ಗುಡಿಸುವ, ಕಾಳು ಎಳೆಯುವ ಹೆಣ್ಣುಮಗಳೊಬ್ಬರು ಅವನ ಜೊತೆಗಿದ್ದರು. ಹಂಸಭಾವಿಯ ಕಡೆಯವರು, ಎಲ್ಲರಿಗೂ ಅಕ್ಕ. ಕಬ್ಬಿಣದ ಸರಳು ಕೊಡು ಎಂದು ಅವನು ಕೇಳಿದ್ದಕ್ಕೆ ಆಕೆ ಪ್ಯಾನೆಲ್ಲಿನ ಹತ್ತಿರ ಒರಗಿಸಿದ್ದ ಸರಳು ತರಲು ಹೋದರು. ಅಷ್ಟರಲ್ಲಿ ಸ್ಕ್ರೂ ತಿರುಗಿತು. ಅವನ ಕಿರುಚಾಟ ಕೇಳಿ ಜಿನ್ನಿನ ಕಡೆಯವರು ತಿರುಗಿ ನೋಡಿದಾಗ ಆಕೆಯ ಕೈ ಪ್ಯಾನೆಲ್ಲಿನ ಮೇಲಿತ್ತು. ಕೆಂಪು ಬಟನ್ ಗುದ್ದಿ ಗಿರಣಿಯನ್ನು ನಿಲ್ಲಿಸಿದವರು ಆಕೆ. ಇಲ್ಲದಿದ್ದರೆ ತೋಳೇ ಹೋಗುತ್ತಿತ್ತು. ಹೋದದ್ದು ಬಲಗೈಯ ಮೂರು ಬೆರಳು.

ಆದರೆ ಜನ ಕಂಡದ್ದು ಪ್ಯಾನೆಲ್ಲಿನ ಮೇಲಿನ ಕೈ ಮಾತ್ರ. “ಗೊತ್ತಿಲ್ದ ಮುಟ್ಯಾಳ, ಆಮ್ಯಾಲ ಹೆದರಿ ಕೆಂಪದು ಗುದ್ಯಾಳ” ಎಂದು ಮಾತು ಹಬ್ಬಿತು. ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯುವ ಗಾಡಿಯಲ್ಲಿ ಆಪರೇಟರೂ ನೋವಿನಲ್ಲಿ ಆಕೆಯ ಹೆಸರು ಹಿಡಿದು ಬೈದನಂತೆ. ಸಾವ್ಕಾರರು ನನ್ನನ್ನು ಕರೆಸಿದರು. ಪರದೆಯಲ್ಲಿ ಆ ದಿನದ ದಾಖಲೆ ತೆಗೆದೆ. ಸ್ಕ್ರೂ ಬಂದ್. ಮೂರು ನಿಮಿಷದ ಮೇಲೆ ಸ್ಕ್ರೂ ಚಾಲೂ, ಪರದೆಯಿಂದ.

ಅಕ್ಕ ಬಾಗಿಲ ಬಳಿ ನಿಂತಿದ್ದರು. “ನಾ ಅದನ್ನ ಮುಟ್ಟಿಲ್ರಿ ಸರ. ಕೆಂಪದು ಅಷ್ಟ ಗುದ್ದೇನಿ.”

ನಾನು ಹೇಳಿದ ಮಾತು ಇದು: “ಯಾರೋ ಪರದೆ ಮುಟ್ಟಿದ್ದಂತೂ ಖರೆ ಅಕ್ಕಾ. ಮಶೀನು ಸುಳ್ಳು ಹೇಳಾಂಗಿಲ್ಲ.”

ಆಕೆ ನನ್ನನ್ನು ಒಂದು ಸಲ ನೋಡಿ ತಲೆ ತಗ್ಗಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಎಷ್ಟೋ ಸಲ ಆಡಿದ್ದೇನೆ. ಬರೆ ಹಾಕುವ ಕೈ ನನ್ನದೇ ಎಂದು ಆಗ ಹೊಳೆಯಲಿಲ್ಲ. ಗಿರಣಿಯಲ್ಲಿ ಎಲ್ಲರೂ ಒಟ್ಟಿಗೆ ಉಂಡರೂ ಆಕೆಯ ಬುತ್ತಿ ಮಾತ್ರ ಬೇರೆ ಮೂಲೆಯಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಅಂಥವರ ಮೇಲೆ ತಪ್ಪು ಹೊರಿಸುವುದು ಸುಲಭ, ನನ್ನ ದಾಖಲೆ ಅದನ್ನು ಇನ್ನಷ್ಟು ಸುಲಭ ಮಾಡಿತು. ಆ ಸಂಜೆಯೇ ಆಕೆಯನ್ನು ಕೆಲಸಕ್ಕೆ ಬರಬೇಡ ಎಂದರು.

ಎರಡು ದಿನ ಬಿಟ್ಟು ಸಾವ್ಕಾರರು ದಾಖಲೆಯ ಪ್ರತಿ ಕೇಳಿದರು. ಪೊಲೀಸರಿಗೆ ಕೊಡಬೇಕು, ಕೆಳಗೆ ನನ್ನ ಸಹಿ ಬೇಕು. ಸಹಿ ಹಾಕಿದರೆ ಆಕೆಯ ಮೇಲೆ ಕೇಸು. ಪರದೆಯಿಂದ ಇಳಿಸಿಕೊಂಡು ತಂದಿದ್ದ ದಾಖಲೆಯನ್ನು ವರ್ಕ್‌ಶಾಪಿನಲ್ಲಿ ಕೂತು ಕಾಗದಕ್ಕೆ ತೆಗೆದೆ. ಮೊದಲ ದಿನ ನನಗೆ ಬೇಕಾದ ಸಾಲು ಸಿಕ್ಕಿದ ಕೂಡಲೇ ನಿಲ್ಲಿಸಿದ್ದೆ. ಈಗ ಕೆಳಗಿನದನ್ನೂ ಓದಿದೆ. ಚಾಲೂ. ಚಾಲೂ. ಚಾಲೂ. ಎಮರ್ಜೆನ್ಸಿ ಬೀಳುವ ತನಕ ಎಂಟು ಸಲ ಚಾಲೂ ಇತ್ತು. ಒಂದಕ್ಕೂ ಇನ್ನೊಂದಕ್ಕೂ ಹೆಚ್ಚುಕಡಿಮೆ ಒಂದೇ ಅಂತರ.

ತಪ್ಪಿ ಮುಟ್ಟಿದವರು ಒಂದು ಸಲ ಮುಟ್ಟುತ್ತಾರೆ, ಗಾಬರಿಯಾದರೆ ಎರಡು ಸಲ. ಲೆಕ್ಕ ಹಿಡಿದಂತೆ ಎಂಟು ಸಲ ಯಾವ ಮನುಷ್ಯನೂ ಒತ್ತುವುದಿಲ್ಲ. ಹಿಂದಿನ ದಿನಗಳನ್ನು ತೆಗೆದೆ. ಅಲ್ಲಿಯೂ ಇತ್ತು, ಅದೇ ಅಂತರ, ಅದೇ ಸಾಲುಸಾಲು. ನಾನು ಗಿರಣಿಯಲ್ಲಿದ್ದ ಹೊತ್ತಿನಲ್ಲಿ ಮಾತ್ರ ಒಂದೂ ಇರಲಿಲ್ಲ. ಚಾಚಾ ನಿಮ್ಮ ಮಾರಿ ನೋಡೂದಿಲ್ಲ ಎಂದ ಮಾತು ನೆನಪಾಯಿತು. ನಂಬಿಕೆ ಇಲ್ಲದವನಿಗೆ ಹೆದರಿಕೆ ಇರುವುದಿಲ್ಲ ಎಂದು ಯಾರು ಹೇಳಿದರೋ.

ಸಹಿ ಹಾಕದೆ ಮರುದಿನ ಮುಂಜಾನೆ ಗಿರಣಿಗೆ ಹೋದೆ. ಅಕ್ಕ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದರು. ಕೆಲಸವಿಲ್ಲದಿದ್ದರೂ ದಿನಾ ಬಂದು ಕೂರುತ್ತಿದ್ದರಂತೆ, ಯಾರಾದರೂ ಒಳಗೆ ಕರೆದಾರೆಂದು.

“ಅಕ್ಕಾ, ಅವತ್ತು ಏನೇನು ಆತು, ಒಂದೂ ಬಿಡದಂಗ ಮಾಡಿ ತೋರಸ್ರಿ.”

“ತೋರಿಸಿದ್ರ ನಂಬ್ತೀರೇನ್ರಿ?”

ನಾನು ಗೇಟು ತೆಗೆದು ಹಿಡಿದು ನಿಂತೆ. ಆಕೆ ಒಳಗೆ ಬಂದು ಪ್ಯಾನೆಲ್ಲಿನ ಎದುರು ನಿಂತರು. “ಅಂವ ಇಲ್ಲಿ ಬಂದ್ ಒತ್ತಿದ. ಟವೆಲ್ ಹಾಕಿದ. ಆಮ್ಯಾಲ ಇಳದ.”

“ಟವೆಲ್ಲಾ? ಎಲ್ಲಿ ಹಾಕಿದ?”

ಅಷ್ಟೂ ತಿಳಿಯದೇ ಎಂಬಂತೆ ಆಕೆ ನೋಡಿದರು. ಪ್ಯಾನೆಲ್ಲಿನ ನೆತ್ತಿಯಲ್ಲಿ ಮಳೆನೀರು ಬೀಳದಿರಲೆಂದು ಬಾಗಿಸಿದ ತಗಡಿನ ಅಂಚು ಇದೆ. ಅದರ ಸಂದಿಯನ್ನು ತೋರಿಸಿದರು. “ಇಲ್ಲೆ ಸಿಗಿಸ್ತಾರ್ರಿ ಎಲ್ಲಾರೂ. ಹಿಡಿಕಿ ಇಲ್ಲಲ್ಲ. ಪರದೆ ಮ್ಯಾಲ ಇಳಿಬಿಟ್ರ ಮಂದಿಗೆ ತಿಳೀತೈತಿ, ಒಳಗ ಜೀವ ಐತಿ ಅಂತ.”

“ನಾ ಎರಡು ಸಲ ಬಂದಾಗ ಟವೆಲ್ ಇರಲೇ ಇಲ್ಲಲ್ಲ ಅಕ್ಕಾ?”

“ನೀವು ಬರ್ತೀರಂದ್ರ ತೆಗೀತಿದ್ವಿ. ಇಷ್ಟು ಚೆಂದದ ಪರದೆ ಮ್ಯಾಲ ಬೆವರಿನ ಟವೆಲ್ ನೋಡಿ ಸಿಟ್ಟಿಗೇಳ್ತೀರಂತ. ಮಂದಿ ಬರಾಕತ್ರ ಮನಿ ಗುಡಸೂದಿಲ್ಲೇನ್ರಿ, ಹಂಗ.”

ಅವತ್ತು ಯಾರೋ ತೆಗೆದು ಸಿಕ್ಕಿಸಿದ್ದ ಆಪರೇಟರನ ಟವೆಲ್ ಇನ್ನೂ ಮೂಲೆಯ ಮೊಳೆಯಲ್ಲಿ ತೂಗಾಡುತ್ತಿತ್ತು. ಆಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಒಂದು ಚುಂಗಿನಲ್ಲಿ ಗಂಟು. ಬಿಚ್ಚಿ ನೋಡಿದೆ. ಒಣಗಿದ ನಾಲ್ಕು ಸವಣೂರು ಎಲೆ, ಎರಡು ಹೋಳು ಅಡಿಕೆ, ಒಂದು ಸುಣ್ಣದ ಡಬ್ಬಿ. ಹಾಗೆಯೇ ಮತ್ತೆ ಗಂಟು ಕಟ್ಟಿದೆ.

ಸ್ಕ್ರೂನ ಮೋಟಾರಿನ ತಂತಿ ಬಿಚ್ಚಿಹಾಕಿದೆ. ಸಾವ್ಕಾರರನ್ನು ಕರೆದು ಎದುರಿಗೆ ನಿಲ್ಲಿಸಿದೆ. ಜಿನ್ನುಗಳನ್ನೆಲ್ಲ ಓಡಿಸಲು ಹೇಳಿದೆ. ನೆಲ ನಡುಗತೊಡಗಿತು. ಸ್ಕ್ರೂ ಬಂದ್ ಒತ್ತಿ, ಟವೆಲ್ಲನ್ನು ಅಕ್ಕ ತೋರಿಸಿದ ಸಂದಿಗೆ ಸಿಕ್ಕಿಸಿ ಇಳಿಬಿಟ್ಟೆ. ಗಂಟು ಪರದೆಯ ಬಲಮೂಲೆಗೆ ಬಂದು ನಿಂತಿತು. ಮೂವರೂ ಹಿಂದೆ ಸರಿದೆವು.

ಒಂದು ನಿಮಿಷ ಏನೂ ಇಲ್ಲ. ನೆಲದ ನಡುಕಕ್ಕೆ ಗಂಟು ಸಣ್ಣಗೆ ಆಡತೊಡಗಿತು. ಒಳಗಿನ ಡಬ್ಬಿಯ ಅಂಚು ಗಾಜಿಗೆ ತಾಗುತ್ತಿತ್ತು, ಬಿಡುತ್ತಿತ್ತು. ಈ ಪರದೆ ಬೆರಳೋ ಕಡ್ಡಿಯೋ ನೋಡುವುದಿಲ್ಲ, ಒತ್ತಿದರೆ ಸಾಕು. ಇನ್ನೂ ಅರ್ಧ ನಿಮಿಷ. ಆಮೇಲೆ ಟವೆಲ್ಲಿನ ಬಟ್ಟೆಯ ಹಿಂದಿನಿಂದ ಹಸಿರು ಬೆಳಕು ಮೂಡಿತು. ಪ್ಯಾನೆಲ್ಲಿನೊಳಗೆ ಮೋಟಾರಿಗೆ ಕರೆಂಟು ಕೊಡುವ ಕಾಂಟ್ಯಾಕ್ಟರ್ ಟಕ್ಕೆಂದಿತು. ಬಟನ್ ಪರದೆಯಲ್ಲಿ ಮತ್ತೆ ಮತ್ತೆ ಮಿನುಗಿತು.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕುಕ್ಕರಿಸಿದರು. ನನಗೆ ಚಾಚಾ ನೆನಪಾದರು, ನುಣ್ಣಗಿನ ಬಾಗಿಲನ್ನು ಸವರಿದ ಆ ಅಂಗೈ. ಅವರು ಕೇಳಿದ್ದು ಮುದುಕನ ಹಳೇ ಚಾಳಿ ಎಂದುಕೊಂಡಿದ್ದೆ. ಆ ಪ್ಯಾನೆಲ್ಲಿನ ಬಗ್ಗೆ ಯಾರಾದರೂ ನನ್ನನ್ನು ಕೇಳಿದ ಸರಿಯಾದ ಪ್ರಶ್ನೆ ಅದೊಂದೇ ಆಗಿತ್ತು.

ಸಾವ್ಕಾರರು ನನ್ನನ್ನು ಬದಿಗೆ ಕರೆದರು. ಕೆಟ್ಟ ಮನುಷ್ಯರಲ್ಲ, ಗಿರಣಿ ಉಳಿಯಬೇಕೆನ್ನುವವರು. “ಟವೆಲ್ ಹಾಕಿದ್ದು ಅವಂದ ತಪ್ಪು ಅಂತ ಬರೀರಿ, ಮುಗೀತು. ನಿಮ್ಮ ಹೆಸರೂ ಉಳೀತೈತಿ.”

ಒಂದು ಗಳಿಗೆ ನಾನೂ ಹಾಗೆಯೇ ಯೋಚಿಸಿದೆ. ಸುಳ್ಳೇನಲ್ಲವಲ್ಲ. ಟವೆಲ್ ಹಾಕಿದ್ದು ಅವನೇ. ಆದರೆ ಮೊನ್ನೆಯ ದಾಖಲೆಯೂ ಸುಳ್ಳಾಗಿರಲಿಲ್ಲ. ಸುಳ್ಳಲ್ಲದ ಒಂದು ಸಾಲು ಹಿಡಿದುಕೊಂಡೇ ಒಬ್ಬ ಹೆಂಗಸನ್ನು ಬೇವಿನ ಮರದ ಕೆಳಗೆ ಕೂರಿಸಿದ್ದೆ.

ಅಲ್ಲೇ ಅವರ ಮೇಜಿನ ಮೇಲೆ ಬರೆದೆ. ಕರೆಂಟು ಕಡಿಯುವ ಹಿಡಿಕೆಯನ್ನು ತೆಗೆದವನು ನಾನು. ಬದಲಿಗೆ ಏನೂ ಇಡಲಿಲ್ಲ. ಎರಡನೇ ಸಲ ಕೇಳುವ ಪ್ರಶ್ನೆಯನ್ನು ಅಳಿಸಿದವನೂ ನಾನು. ತಕರಾರು ಬಂದಾಗ ಸ್ಕ್ರೂ ನಿಲ್ಲಿಸಿ ಎನ್ನಲಿಲ್ಲ. ಈ ಹೆಣ್ಣುಮಗಳು ಒತ್ತಿದ್ದು ಎಮರ್ಜೆನ್ಸಿ ಮಾತ್ರ, ಅದರಿಂದಲೇ ಅವನ ತೋಳು ಉಳಿಯಿತು. ಕೆಳಗೆ ಸಹಿ ಹಾಕಿದೆ. ಧೈರ್ಯವಂತನೆಂದು ಹೇಳಿಕೊಳ್ಳುವ ಆಸೆ ನನಗಿಲ್ಲ.

ಆಸ್ಪತ್ರೆಗೂ ಹೋದೆ. ಬೇರೆಯವರ ಬಾಯಿಂದ ಅವನಿಗೆ ತಿಳಿಯುವುದು ಬೇಡವಾಗಿತ್ತು. ಎಲ್ಲ ಹೇಳಿ ಮುಗಿಸಿದಾಗ ಅವನು ಬ್ಯಾಂಡೇಜಿನ ಕೈಯನ್ನೇ ನೋಡುತ್ತ ಕೇಳಿದ. “ಹಂಗಾರ ನನ್ನ ಬೆರಳು ನಾನ ಕಡಕೊಂಡಂಗಾತಲ್ರಿ ಸರ?”

“ಇಲ್ಲಪಾ. ನೀ ಚಾಚಾ ಹಾಕಿಕೊಟ್ಟ ಪದ್ಧತಿಯಂಗ ಮಾಡೀದಿ. ಟವೆಲ್ ಕಟ್ಟೂ ಜಾಗ ನಾ ಕಿತಗೊಂಡು ಹೋಗಿದ್ದೆ.”

ಅವನು ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. “ಅಕ್ಕನ್ನ ಕರಕೊಂಡು ಬರ್ರಿ” ಎಂದ. “ಆಕೀಗೆ ಬಾಯಿಗೆ ಬಂದಂಗ ಬೈದೇನಿ.”

ಹೆಸರು ಹೋಗುವಷ್ಟು ಹೋಯಿತು. ಮಾತಾಡಿಟ್ಟ ಎರಡು ಕೆಲಸ ತಪ್ಪಿದವು. ಆದರೆ ನನ್ನನ್ನು ಕಾಡಿದ್ದು ಅದಲ್ಲ. ಅದೇ ಪರದೆಯನ್ನು ಬೇರೆ ಕಡೆಗಳಲ್ಲಿಯೂ ಕೂರಿಸಿದ್ದೆ. ಈ ಸಲ ಯಾರಿಗೂ ಫೋನ್ ಮಾಡದೆ ಹೋದೆ. ಹಾನಗಲ್ಲಿನ ಅಕ್ಕಿ ಗಿರಣಿಯಲ್ಲಿ ಪರದೆಗೆ ಚೆಂಡುಹೂವಿನ ಮಾಲೆ ಏರಿಸಿದ್ದರು, ಹೂವಿನ ತುದಿ ಗಾಜಿನ ಮೇಲೆ ಆಡುತ್ತಿತ್ತು. ಹಿರೇಕೆರೂರಿನ ಕಡೆಯ ಪಂಪ್‌ಹೌಸಿನಲ್ಲಿ ಬುತ್ತಿಯ ಚೀಲ ನೇತುಬಿದ್ದಿತ್ತು. ನನ್ನನ್ನು ಕಂಡ ಕೂಡಲೇ ಎರಡೂ ಕಡೆಯವರು ಗಡಬಡಿಸಿ ತೆಗೆಯಲು ಬಂದರು. “ಇರ್ಲಿ ಇರ್ಲಿ, ತೆಗೀಬ್ಯಾಡ್ರಿ” ಎಂದೆ. ಒಂದೊಂದು ಕಡೆಯೂ ಹಿಡಿಕೆ ಹಾಕಿ ಬಂದೆ.

ಸವಣೂರಿನ ಗಿರಣಿಗೆ ಮಾತ್ರ ಹೊಸ ಹಿಡಿಕೆ ಕೊಳ್ಳಲಿಲ್ಲ. ನನ್ನ ವರ್ಕ್‌ಶಾಪಿನ ಡಬ್ಬದಲ್ಲಿ ಹಳೆಯದು ಬಿದ್ದಿತ್ತು. ಎಷ್ಟೋ ವರ್ಷ ಬಟ್ಟೆ ಉಜ್ಜಿ ಅದರ ನಡುಭಾಗ ಸವೆದು ನುಣ್ಣಗಾಗಿತ್ತು. ಸಂದಿನಲ್ಲಿ ಒಂದು ಕೆಂಪು ನೂಲು ಇನ್ನೂ ಸಿಕ್ಕಿಕೊಂಡಿತ್ತು. ಅದನ್ನು ತೆಗೆಯಲು ಮನಸ್ಸಾಗಲಿಲ್ಲ. ಒಳಗೆ ಕರೆಂಟು ಕಡಿಯುವ ಹೊಸ ಐಸೊಲೇಟರ್ ಇಟ್ಟು, ಆ ಹಿಡಿಕೆಗೆ ತಕ್ಕ ಸರಳು ಕಡೆಸಿ, ನನ್ನ ಪ್ಯಾನೆಲ್ಲಿನ ಬದಿಗೆ ಕೂರಿಸಿದೆ. ಪರದೆಯಲ್ಲಿ ಯಾರು ಏನೇ ಒತ್ತಲಿ, ಹಿಡಿಕೆ ಕೆಳಗಿದ್ದರೆ ಸ್ಕ್ರೂಗೆ ಕರೆಂಟಿಲ್ಲ.

ಸ್ಕ್ರೂ ಮತ್ತೆ ಓಡಿಸಿದ ದಿನ ಮಧ್ಯಾಹ್ನವೇ ಅದು ಸಿಕ್ಕಿಕೊಂಡಿತು. ತಗ್ಗಿಗೆ ಇಳಿಯಬೇಕಾದವರು ಮತ್ತೆ ಕೆಲಸಕ್ಕೆ ಸೇರಿದ್ದ ಅಕ್ಕ. ಪದ್ಧತಿಯಂತೆ ಬೇಲು ಹೊರುವವನು ತನ್ನ ಟವೆಲ್ ತೆಗೆಯುತ್ತ ಮುಂದೆ ಬಂದ. ಆಕೆ ಬೇಡವೆಂದು ಕೈ ಮಾಡಿದರು. ತಲೆಗೆ ಕಟ್ಟಿದ್ದ ಬಟ್ಟೆಯನ್ನು ತಾವೇ ಬಿಚ್ಚಿದರು. ಹಿಡಿಕೆಯನ್ನು ಕೆಳಗೆ ಎಳೆದು, ಬಟ್ಟೆಯನ್ನು ಅದಕ್ಕೆ ಎರಡು ಸುತ್ತು ಸುತ್ತಿ, ಬಿಗಿಯಾಗಿ ಗಂಟು ಹಾಕಿದರು. ಬೇಲು ಹೊರುವವನು ತನ್ನ ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ.

ತಗ್ಗಿನ ಅಂಚಿಗೆ ಹೋದವರು ತಿರುಗಿ ನನ್ನನ್ನು ನೋಡಿದರು.

“ಸರ, ನೀವು ಅಲ್ಲೇ ನಿಂದರ್ರಿ.”

ಆಕೆ ಮೇಲೆ ಬರುವ ತನಕ ನಾನು ಆ ಗಂಟಿನ ಮೇಲೆ ಕೈಯಿಟ್ಟುಕೊಂಡು ನಿಂತೆ.